ರಾಜೀನಾಮೆ ಕೊಟ್ಟ ಮುಖ್ಯಮಂತ್ರಿ ‘ಹಂಗಾಮಿ’ಯೋ ‘ಉಸ್ತುವಾರಿ’ಯೋ?

ಪ್ರಶ್ನೆ:
ಮುಖ್ಯಮಂತ್ರಿ ರಾಜೀನಾಮೆ ಕೊಟ್ಟ ಮೇಲೆ, ಹೊಸಬರು ಬರುವ ತನಕ ಅವರನ್ನು ಒಂದು ಪತ್ರಿಕೆ ‘ಹಂಗಾಮಿ ಮುಖ್ಯಮಂತ್ರಿ’ ಎನ್ನುತ್ತದೆ, ಇನ್ನೊಂದು ‘ಉಸ್ತುವಾರಿ ಮುಖ್ಯಮಂತ್ರಿ’ ಎನ್ನುತ್ತದೆ. ‘ನಿರ್ಗಮಿತ’ ಎಂಬುದೂ ಕಾಣುತ್ತದೆ. ‘ಪ್ರಭಾರ’ ಎಂದರೆ ತಪ್ಪೇ? ಪೌರನೀತಿಯ ಟಿಪ್ಪಣಿಗೆ ಬೇಕಿತ್ತು. ಬಲ್ಲವರು ತಿಳಿಸಿ.

ಉತ್ತರ:
ನಮಸ್ಕಾರ. ಕುರ್ಚಿಯಲ್ಲಿ ಈಗ ಇರುವವರು ಯಾರು ಎಂದು ನೋಡಿದರೆ ಗೊಂದಲ ಮುಕ್ಕಾಲು ಕಳೆಯುತ್ತದೆ. ಇದ್ದವರು ಹೋಗಿ, ತೆರವಾದ ಜಾಗವನ್ನು ಬೇರೊಬ್ಬರು ತಾತ್ಕಾಲಿಕವಾಗಿ ನೋಡಿಕೊಂಡರೆ ಹಂಗಾಮಿ. ರಾಜೀನಾಮೆ ಕೊಟ್ಟವರೇ ಮುಂದುವರಿದರೆ ಉಸ್ತುವಾರಿ.

ಹಂಗಾಮಿಗೆ ತಕ್ಕ ಉದಾಹರಣೆ ನಮ್ಮವರೇ ಆದ ಬಿ.ಡಿ. ಜತ್ತಿ. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಆ ಹೊಣೆ ಹೊತ್ತು, ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಬರುವ ತನಕ ನಿಭಾಯಿಸಿದರು. ಇದಕ್ಕೆ ಸಂವಿಧಾನದ 65ನೇ ವಿಧಿಯ ಆಧಾರವಿದೆ. ಪ್ರಧಾನಿಗಾಗಲಿ ಮುಖ್ಯಮಂತ್ರಿಗಾಗಲಿ ಇಂಥ ವಿಧಿಯೇ ಇಲ್ಲ. ನೆಹರೂ ತೀರಿಕೊಂಡ 1964ರ ಮೇ 27ರಂದೂ ಶಾಸ್ತ್ರಿಯವರು ತೀರಿಕೊಂಡ 1966ರ ಜನವರಿ 11ರಂದೂ ಗುಲ್ಜಾರಿಲಾಲ್ ನಂದಾ ಪ್ರಧಾನಿಯಾಗಿಯೇ ಪ್ರಮಾಣವಚನ ಸ್ವೀಕರಿಸಿದರು. ‘ಹಂಗಾಮಿ’ ಎಂಬುದು ಪತ್ರಿಕೆಗಳು ಕೊಟ್ಟ ವಿಶೇಷಣ. ಇಂದಿರಾ ಗಾಂಧಿ ಹತ್ಯೆಯಾದ 1984ರ ಅಕ್ಟೋಬರ್ 31ರಂದು ಆ ನಡುವಣ ಏರ್ಪಾಡೂ ಇರಲಿಲ್ಲ. ರಾಜೀವ್ ಗಾಂಧಿ ಅಂದೇ ಪ್ರಮಾಣವಚನ ಸ್ವೀಕರಿಸಿದರು.

ಕೇಂದ್ರದಲ್ಲಿ ಇಷ್ಟು ಅವಸರ ಯಾಕೆಂದರೆ, ಮಂತ್ರಿಮಂಡಲವಿಲ್ಲದೆ ರಾಷ್ಟ್ರಪತಿ ಒಂದು ದಿನವೂ ಆಡಳಿತ ನಡೆಸುವಂತಿಲ್ಲ. 1971ರ ಯು.ಎನ್.ಆರ್. ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು: ಲೋಕಸಭೆ ವಿಸರ್ಜನೆಯಾದರೂ ಮಂತ್ರಿಮಂಡಲ ಇರಲೇಬೇಕು. ರಾಜ್ಯಗಳಲ್ಲಾದರೆ ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ 356ನೇ ವಿಧಿ ಇದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆದಾಗ ರಾಷ್ಟ್ರಪತಿ ಆಳ್ವಿಕೆ ಬಂತು. ಅಂಥ ಹೊತ್ತಿನಲ್ಲಿ ಹಂಗಾಮಿಯೂ ಇಲ್ಲ, ಉಸ್ತುವಾರಿಯೂ ಇಲ್ಲ.

ಉಸ್ತುವಾರಿಗೆ 2021ರ ಜುಲೈ 26 ನೋಡಿ. ಯಡಿಯೂರಪ್ಪನವರ ರಾಜೀನಾಮೆಯನ್ನು ರಾಜ್ಯಪಾಲರು ಅಂಗೀಕರಿಸಿ, ಸಚಿವ ಸಂಪುಟವನ್ನು ವಿಸರ್ಜಿಸಿ, ಪರ್ಯಾಯ ವ್ಯವಸ್ಥೆ ಆಗುವ ತನಕ ಮುಂದುವರಿಯಲು ಅವರಿಗೇ ಸೂಚಿಸಿದರು. ಅಂಗೀಕಾರವಾದ ಕ್ಷಣದಿಂದ ಹೊಸಬರ ಪ್ರಮಾಣವಚನದ ತನಕ ಮಾತ್ರ ಈ ಪದ ಹೊಂದುತ್ತದೆ. ಜುಲೈ 28ರಂದು ಬಸವರಾಜ ಬೊಮ್ಮಾಯಿ ಒಬ್ಬರೇ ಪ್ರಮಾಣವಚನ ಸ್ವೀಕರಿಸಿದರು. 29 ಸಚಿವರ ಸರದಿ ಬಂದದ್ದು ಆಗಸ್ಟ್ 4ರಂದು. ಮುಖ್ಯಮಂತ್ರಿ ಹೋದರೆ ಇಡೀ ಸಂಪುಟ ಹೋಗುತ್ತದೆ, ಹಳಬರೂ ಮತ್ತೆ ಪ್ರಮಾಣ ಮಾಡಬೇಕು. ಟಿಪ್ಪಣಿಯಲ್ಲಿ ಇದನ್ನು ಖಂಡಿತ ಸೇರಿಸಿ. ‘ಮುಖ್ಯಮಂತ್ರಿ ಬದಲು, ಸಚಿವರು ಮುಂದುವರಿಕೆ’ ಎಂದು ಬರೆಯುವವರು ಬಹಳ.

ಉಸ್ತುವಾರಿ ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. 1999ರ ಏಪ್ರಿಲ್ 17ರಂದು ಒಂದೇ ಮತದಿಂದ ವಿಶ್ವಾಸಮತ ಸೋತ ವಾಜಪೇಯಿ ಅಕ್ಟೋಬರ್ 13ರವರೆಗೆ ಹಾಗೇ ಇದ್ದರು, ಕಾರ್ಗಿಲ್ ಯುದ್ಧವೂ ಆ ನಡುವೆಯೇ ನಡೆಯಿತು. ದೊಡ್ಡ ನೀತಿ ನಿರ್ಧಾರ ಕೈಗೊಳ್ಳಬಾರದು ಎಂಬುದು ಸಂಪ್ರದಾಯ, ಸಂವಿಧಾನದಲ್ಲಿ ಬರೆದದ್ದಲ್ಲ. ಚುನಾವಣಾ ನೀತಿ ಸಂಹಿತೆ ಬೇರೆಯದೇ ವಿಷಯ. ಅದು ಜಾರಿಯಾಯಿತೆಂದು ಸರ್ಕಾರ ಉಸ್ತುವಾರಿ ಆಗಿಬಿಡುವುದಿಲ್ಲ.

‘ಪ್ರಭಾರ’ವನ್ನು ಅಧಿಕಾರಿಗಳಿಗೆ ಬಿಡಿ: ಪ್ರಭಾರ ತಹಶೀಲ್ದಾರ್, ಪ್ರಭಾರ ಭತ್ಯೆ. ‘ನಿರ್ಗಮಿತ’ ಎಂದರೆ ಹೋಗಿಯಾಯಿತು ಎಂದೇ ಕೇಳಿಸುತ್ತದೆ, ಇನ್ನೂ ಕಡತಕ್ಕೆ ಸಹಿ ಹಾಕುತ್ತಿರುವವರಿಗೆ ಅದು ಬೇಡ. ತಾವಾಗಿ ರಾಜೀನಾಮೆ ಕೊಟ್ಟವರಿಗೆ ‘ಪದಚ್ಯುತಿ’ಯೂ ಸಲ್ಲದು.

ಮತ್ತೊಂದು ಉತ್ತರ:
ಮೇಲಿನ ವಿಂಗಡಣೆ ಒಪ್ಪುವಂಥದ್ದೇ, ಆದರೆ ಒಂದು ತೊಡಕಿದೆ ಸರ್. ‘ಜಿಲ್ಲಾ ಉಸ್ತುವಾರಿ ಸಚಿವರು’, ‘ಪಕ್ಷದ ರಾಜ್ಯ ಉಸ್ತುವಾರಿ’ ಎಂಬ ಬಳಕೆ ಬೇರೂರಿರುವುದರಿಂದ ‘ಉಸ್ತುವಾರಿ ಮುಖ್ಯಮಂತ್ರಿ’ ಎಂದರೆ ಮೇಲ್ವಿಚಾರಣೆ ಮಾಡುವವರು ಎಂದು ಮಕ್ಕಳಿಗೆ ಅನ್ನಿಸೀತು. ಪತ್ರಿಕೆಗಳು ಹಂಗಾಮಿಯ ಕಡೆ ವಾಲುವುದು ಇದರಿಂದಲೂ ಇರಬಹುದು. ಟಿಪ್ಪಣಿಯಲ್ಲಿ ಮೊದಲ ಸಲ ‘ರಾಜೀನಾಮೆ ಅಂಗೀಕಾರವಾದ ಮೇಲೂ ಮುಂದುವರಿದಿರುವ ಮುಖ್ಯಮಂತ್ರಿ’ ಎಂದು ಬಿಡಿಸಿ ಬರೆದು, ಆಮೇಲೆ ಉಸ್ತುವಾರಿ ಎನ್ನಿ.

‘ಉತ್ತರಾಧಿಕಾರಿ’ ಪದವನ್ನೂ ಎಚ್ಚರದಿಂದ ಬಳಸಿ. ಉಪಮುಖ್ಯಮಂತ್ರಿಯೇ ಮುಂದಿನ ಹಕ್ಕುದಾರರು ಎಂಬ ಭಾವನೆ ಅದರಿಂದ ಬರುತ್ತದೆ. ಉಪಮುಖ್ಯಮಂತ್ರಿ ಹುದ್ದೆ ಸಂವಿಧಾನದಲ್ಲಿಲ್ಲ, ಕಾನೂನಿನ ಕಣ್ಣಿಗೆ ಅವರೂ ಒಬ್ಬ ಸಚಿವರು. ಬಹುಮತದ ಪಕ್ಷದ ಶಾಸಕರು ತಮ್ಮ ನಾಯಕರನ್ನು ಆರಿಸಬೇಕು, ರಾಜ್ಯಪಾಲರು 164ನೇ ವಿಧಿಯಡಿ ನೇಮಿಸಬೇಕು. ಆಯ್ಕೆಯಾದವರು ಶಾಸಕರಲ್ಲದಿದ್ದರೆ ಆರು ತಿಂಗಳೊಳಗೆ ಯಾವುದಾದರೂ ಸದನಕ್ಕೆ ಬರಬೇಕು. 2011ರ ಆಗಸ್ಟ್‌ನಲ್ಲಿ ಸಂಸದರಾಗಿದ್ದ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿ, ವಿಧಾನ ಪರಿಷತ್ತಿಗೆ ಆಯ್ಕೆಯಾದದ್ದು ಹೀಗೆ.

‘ಹಂಗಾಮಿ ಸ್ಪೀಕರ್’ ಮಾತ್ರ ನಿಸ್ಸಂದೇಹವಾಗಿ ಸರಿ. ಹೊಸ ಶಾಸಕರಿಗೆ ಪ್ರಮಾಣವಚನ ಬೋಧಿಸಿ, ಸ್ಪೀಕರ್ ಆಯ್ಕೆಯಾಗುವ ತನಕ ಖಾಲಿ ಪೀಠದಲ್ಲಿ ಕೂರುವವರು ಅವರು. 2018ರ ಮೇ ತಿಂಗಳಲ್ಲಿ ಕೆ.ಜಿ. ಬೋಪಯ್ಯ ಕೂತಿದ್ದರು.