ಬಿಎಸ್‌ಎನ್‌ಎಲ್ ವಿಆರ್‌ಎಸ್‌ಗೆ ಅಷ್ಟೊಂದ್ ಕೋಟಿ ಕೊಟ್ರಲ್ಲ, ನಿಜವಾಗ್ಲೂ ದುಡ್ಡು ಉಳೀತಾ?

ತುಮ್ಕೂರ್_ಸೀನ:
ಎಲ್ರಿಗೂ ನಮಸ್ಕಾರ. ಲೆಕ್ಕ ಗೊತ್ತಿರೋರು ಯಾರಾದ್ರೂ ಹೇಳಿ ಪ್ಲೀಸ್. 2019ರಲ್ಲಿ ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ (ದಿಲ್ಲಿ, ಮುಂಬೈನ ಸರ್ಕಾರಿ ಫೋನ್ ಕಂಪನಿ) ಎರಡಕ್ಕೂ ವಿಆರ್‌ಎಸ್ (ದುಡ್ಡು ತಗೊಂಡು ತಾವಾಗೇ ಮುಂಚೆ ರಿಟೈರ್ ಆಗೋ ಸ್ಕೀಮು) ತಂದ್ರಲ್ಲ, 50 ದಾಟಿದವ್ರಿಗೆ, ಎರಡೂ ಸೇರಿ 92 ಸಾವಿರಕ್ಕೂ ಜಾಸ್ತಿ ಜನ ಒಂದೇ ದಿನ ಮನೆಗ್ ಹೋದ್ರು, ಎಕ್ಸ್‌ಗ್ರೇಷಿಯಾ (ಬಿಟ್ಟು ಹೋಗೋರಿಗೆ ಕೊಡೋ ಇಡಿಗಂಟು) ಒಂದಕ್ಕೇ 17,169 ಕೋಟಿ ಬೇಕು ಅಂತ ಆಗ ಕ್ಯಾಬಿನೆಟ್‌ನಲ್ಲಿ ಹೇಳಿದ್ರು. ನಮ್ ದೊಡ್ಡಪ್ಪನೂ ಅದ್ರಲ್ಲೇ ತಗೊಂಡಿದ್ದು, ಈಗ ತೋಟ ನೋಡ್ಕೊಂಡು ಆರಾಮಾಗಿದಾರೆ. ಮೊನ್ನೆ ಹಬ್ಬಕ್ಕೆ ಎಲ್ಲ ಸೇರಿದಾಗ ನಮ್ ಭಾವ (ಪ್ರೈವೇಟ್ ಕಂಪನಿ) ಹೋಳಿಗೆ ತಿನ್ಕೊಂಡೇ ಶುರು ಹಚ್ಕೊಂಡ್ರು, ಕೆಲ್ಸ ಬಿಟ್ಟಿದ್ದಕ್ಕೆ ಇನಾಮು ಕೊಡೋದು ಸರ್ಕಾರ ಮಾತ್ರ, ನಮ್ ಟ್ಯಾಕ್ಸ್ ದುಡ್ಡು ಅಂತ. ದೊಡ್ಡಪ್ಪ, ನಾನೇನ್ ಹೋಗಿ ಕೇಳಿದ್ನಾ ಅವ್ರೇ ಕರೆದು ಕೊಟ್ರು ಅಂದ್ರು. ಅವರಿಬ್ರ ಜಗಳ ಇರೋದೇ, ಬಿಡಿ.

ನನಗೆ ಅರ್ಥ ಆಗದೆ ಇರೋದು ಇಷ್ಟು. ಸಂಬಳ ಉಳೀತು ಅಂತಾರೆ, ಆದ್ರೆ ಪೆನ್ಷನ್ ಕೊಡ್ತಿರೋದೂ ಸರ್ಕಾರನೇ ತಾನೆ? ಮತ್ತೆ ಉಳಿದಿದ್ದೇನು? 2024 ಡಿಸೆಂಬರಲ್ಲಿ ಇನ್ನೊಂದು ರೌಂಡ್ ವಿಆರ್‌ಎಸ್, 35% ಜನರನ್ನ ಕಡಿಮೆ ಮಾಡ್ತಾರೆ ಅಂತ ಬೇರೆ ಪೇಪರಲ್ಲಿ ಬಂದಿತ್ತು.

ಲೆಕ್ಕದ_ಮೇಷ್ಟ್ರು:
ಸೀನ ಅವರೇ, ಇಲ್ಲಿ ಎರಡು ಜೇಬು ಇವೆ, ಕಂಪನಿದು ಒಂದು, ಸರ್ಕಾರದ್ದು ಒಂದು. ಎರಡನ್ನೂ ಒಂದೇ ಅಂದ್ಕೊಂಡ್ರೆ ಲೆಕ್ಕ ಹತ್ತಲ್ಲ.

ಸ್ಕೀಮ್ ಪ್ರಕಾರ ಮುಗಿಸಿರೋ ಪ್ರತಿ ವರ್ಷದ ಸರ್ವೀಸಿಗೆ 35 ದಿನದ ಸಂಬಳ, ಬಾಕಿ ಇರೋ ಪ್ರತಿ ವರ್ಷಕ್ಕೆ 25 ದಿನದ್ದು. ಗುಜರಾತ್ ಮಾಡೆಲ್ ಅಂತಾರೆ ಇದನ್ನ. ಸುಮ್ನೆ ಒಂದು ಲೆಕ್ಕ ಹಾಕೋಣ. ವಯಸ್ಸು 55, ಸರ್ವೀಸ್ 30 ವರ್ಷ, ಬೇಸಿಕ್ಕು ಡಿಎ ಸೇರಿ 75 ಸಾವಿರ ಅನ್ಕೊಳಿ, ಅಂದ್ರೆ ದಿನಕ್ಕೆ 2,500. 30 ಸಲ 35 ಅಂದ್ರೆ 1,050 ದಿನ, 5 ಸಲ 25 ಅಂದ್ರೆ 125, ಒಟ್ಟು 1,175 ದಿನ, ಹತ್ತತ್ರ 29 ಲಕ್ಷ. ಅದೇ ಮನುಷ್ಯ 60ರ ತನಕ ಕೆಲಸ ಮಾಡಿದ್ರೆ ಬರೀ ಬೇಸಿಕ್ ಡಿಎನೇ 45 ಲಕ್ಷ, ಇನ್‌ಕ್ರಿಮೆಂಟು ಎಚ್‌ಆರ್‌ಎ ಮೆಡಿಕಲ್ಲು ಎಲ್ಲ ಹಾಕಿದ್ರೆ 50 ದಾಟುತ್ತೆ. ಇಲ್ಲಿಗೇ ನಿಲ್ಲಿಸಿದ್ರೆ ಭರ್ಜರಿ ಉಳಿತಾಯ. ಆದ್ರೆ ಪೆನ್ಷನ್ನೂ ಐದು ವರ್ಷ ಮುಂಚೆನೇ ಶುರುವಾಯ್ತಲ್ಲ, ಅರ್ಧ ಸಂಬಳ ಅಂದ್ರೂ ಐದು ವರ್ಷಕ್ಕೆ 22 ಲಕ್ಷದ ಮೇಲೆ. 29 ಪ್ಲಸ್ 22, ಮತ್ತೆ 51ಕ್ಕೇ ಬಂದು ನಿಂತ್ವಿ. ನೀವ್ ಕೇಳಿದ್ದು ಸರಿಯಾಗೇ ಇದೆ, ಸರ್ಕಾರ ಕಂಪನಿ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ 55ರ ಮನುಷ್ಯನ ವಿಷಯದಲ್ಲಿ ಸುಮಾರಾಗಿ ಸಮಸಮ.

ಕಂಪನಿಗೆ ಮಾತ್ರ ಹಬ್ಬ. ಎಕ್ಸ್‌ಗ್ರೇಷಿಯಾ ಕೇಂದ್ರದ ಬಜೆಟ್‌ನಿಂದ ಬಂತು, ಪೆನ್ಷನ್ ಗ್ರಾಚ್ಯುಟಿನೂ ಕೇಂದ್ರನೇ ಕೊಡೋದು, ಸಂಬಳದ ಭಾರ ಮಾತ್ರ ಪುಸ್ತಕದಿಂದ ಇಳೀತು. 2019-20ರಲ್ಲಿ 15,500 ಕೋಟಿ ಇದ್ದ ನಷ್ಟ ಮುಂದಿನ ವರ್ಷ 7,441 ಕೋಟಿಗೆ ಬಂತು, ಆದಾಯ ಒಂದ್ ರೂಪಾಯಿನೂ ಏರದೇನೇ.

ಇನ್ನು ಆವಾಗ ಎಲ್ಲ ಕಡೆ ಓಡಾಡಿದ ನಂಬರು, ಆದಾಯದ 75% ಸಂಬಳಕ್ಕೇ ಹೋಗುತ್ತೆ, ಪ್ರೈವೇಟ್‌ನವರದ್ದು ಮೂರರಿಂದ ಐದೂವರೆ ಪರ್ಸೆಂಟು ಅಂತ. ಸುಳ್ಳಲ್ಲ, ಆದ್ರೆ ಪರ್ಸೆಂಟೇಜ್ ನೋಡುವಾಗ ಕೆಳಗಿರೋ ಸಂಖ್ಯೆನೂ ನೋಡ್ಬೇಕು. 2016ರಲ್ಲಿ ಜಿಯೋ ಬಂದ್ಮೇಲೆ ರೇಟು ಪಾತಾಳಕ್ಕೆ ಹೋಯ್ತು, ಇವ್ರ ಹತ್ರ ಆಗ 4ಜಿನೇ ಇರ್ಲಿಲ್ಲ, ಆದಾಯ ಕುಸೀತು, ಅದಕ್ಕೇ ಪರ್ಸೆಂಟು ಆಕಾಶಕ್ಕೆ ಏರ್ತು. ಜನ ಜಾಸ್ತಿ ಇದ್ದಿದ್ದೂ ನಿಜ ಬಿಡಿ. ಆದ್ರೆ ಪ್ರೈವೇಟ್‌ನಲ್ಲಿ ಟವರ್ ನೋಡ್ಕೊಳೋನು, ಕೇಬಲ್ ಎಳೆಯೋನು, ಕಸ್ಟಮರ್ ಕೇರ್‌ನಲ್ಲಿ ಮಾತಾಡೋ ಹುಡುಗಿ, ಇವ್ರ್ಯಾರೂ ಅವರ ಸಂಬಳದ ಪಟ್ಟಿಯಲ್ಲೇ ಇರಲ್ಲ, ಬೇರೆ ಖರ್ಚಿನ ಕಾಲಮ್ಮಲ್ಲಿ ಇರ್ತಾರೆ. ಹಂಗಾಗಿ 75ಕ್ಕೆ 5ನ್ನ ಹೋಲ್ಸೋದು ನನಗೇನೋ ಸರಿ ಕಾಣಲ್ಲ.

ಹುಬ್ಬಳ್ಳಿ_ಕಾಕಾ:
ನಾನೂ ಅದರಾಗ ಬಂದಾಂವನರಿ. ಮೇಷ್ಟ್ರು ಹೇಳಿದ ಲೆಕ್ಕ ಖರೆ ಐತಿ, ಆದ್ರ ಮಂದಿ ಯಾಕ ಹೋದ್ರು ಅನ್ನೋದು ಬರೇ ರೊಕ್ಕದ ಮಾತಲ್ಲ. ನವೆಂಬರ್ 4ಕ್ಕ ಶುರು, ಡಿಸೆಂಬರ್ 3ಕ್ಕ ಬಂದ್, ಎಲ್ಲಾ ಪೋರ್ಟಲ್‌ನಾಗ ಕ್ಲಿಕ್ ಮಾಡೋದು. ಕಡೀ ದಿನದ ತನಕ ವಾಪಸ್ ತಗೊಳ್ಳಾಕ ಬರ್ತಿತ್ತು, ಹಂಗಾಗಿ ಮುಂಜಾನೆ ಹೂಂ ಅಂದಾಂವ ರಾತ್ರಿ ಮನ್ಯಾಗ ಮಾತಾಡಿ ಮರುದಿನ ಒಲ್ಲೆ ಅನ್ನೋದು, ಮತ್ತ ಎರಡು ದಿನಕ್ಕ ಹೂಂ ಅನ್ನೋದು. ರಿಟೈರ್ಮೆಂಟ್ 60 ಇದ್ದದ್ದನ್ನ 58ಕ್ಕ ಇಳಸ್ತಾರ ಅಂತ ಒಂದು ಸುದ್ದಿ ಬ್ಯಾರೆ ಹಬ್ಬಿತ್ತು, ಆ ಅಂಜಿಕಿಗೇ ಭಾಳ ಮಂದಿ ಒತ್ತಿಬಿಟ್ರು. ಒಂದೂವರೆ ಲಕ್ಷ ಮಂದ್ಯಾಗ 78 ಸಾವಿರದ ಮ್ಯಾಲ, ಅರ್ಧಕ್ಕರ್ಧ! 2020 ಜನವರಿ 31, ಶುಕ್ರವಾರ, ಹಾರ ಹಾಕ್ಸಿಕೊಳ್ಳೋರೇ ಎಲ್ಲಾರೂ, ಹಾಕೋರು ಯಾರು ಉಳಿದಿದ್ರು ಅಲ್ಲಿ.

ಲೆಕ್ಕದಾಗ ಬರದ ಒಂದು ಮಾತು ಹೇಳ್ತೇನಿ. ತಾಮ್ರದ ಲೈನ್ ಕಾಲದಾಗ ಎಕ್ಸ್‌ಚೇಂಜಿನ ಎಂಡಿಎಫ್‌ನಿಂದ (ಎಲ್ಲಾ ಲೈನ್ ಕೂಡೋ ಫ್ರೇಮ್) ರಸ್ತೆ ಬದಿ ಪಿಲ್ಲರ್, ಪಿಲ್ಲರ್‌ನಿಂದ ಓಣ್ಯಾಗಿನ ಡಿಪಿ ಬಾಕ್ಸ್, ಅಲ್ಲಿಂದ ಮನಿ. ಯಾವ ಪೇರ್ (ಜೋಡಿ ತಂತಿ) ಕೆಟ್ಟದ್ದು, ಯಾವ ರಸ್ತೆ ಕೆಳಗ ಜಾಯಿಂಟ್ ಐತಿ, ಮಳಿ ಬಂದ್ರ ಮೊದಲ ನೀರು ಹೋಗೋದು ಯಾವದಕ್ಕ, ಇದೆಲ್ಲಾ ರಜಿಸ್ಟರ್‌ನಾಗ ಅರ್ಧ ಇತ್ತು, ಉಳಿದ ಅರ್ಧ ಲೈನ್‌ಮನ್ ತಲ್ಯಾಗ ಇತ್ತು. ಸ್ಕೀಮ್ ಮಾಡಿದಾವ್ರು ವಯಸ್ಸು ನೋಡಿದ್ರು, ಯಾರ ಕೈಯಾಗ ಯಾವ ಕೆಲಸ ಐತಿ ಅಂತ ನೋಡ್ಲಿಲ್ಲ. ಈಗ ಫೈಬರ್ ಬಂದೈತಿ, ಲೋಕಲ್ ಪಾರ್ಟ್‌ನರ್ ಕೇಬಲ್ ಎಳೀತಾನ, ಬಂದ ಬಾಡಿಗ್ಯಾಗ ಅವಂಗೂ ಪಾಲು. ಅದು ಸಂಬಳದ ಲೆಕ್ಕಕ್ಕ ಬರೂದಿಲ್ಲ ನೋಡ್ರಿ, ಆದ್ರ ಖರ್ಚು ಖರ್ಚೇ.

ಜಾಲಹಳ್ಳಿ_ಹುಡ್ಗ:
ಕಾಕಾ, ನೀವೆಲ್ಲ ಪುಣ್ಯವಂತ್ರು, ಬೇಜಾರ್ ಮಾಡ್ಕೋಬೇಡಿ ಹಿಂಗಂದೆ ಅಂತ. ಟೆಲಿಕಾಂ ಇಲಾಖೆಯಿಂದ 2000ದಲ್ಲಿ ಕಂಪನಿಗೆ ಬಂದವ್ರಾಗಿದ್ದಕ್ಕೆ ನಿಮ್ಗೆ ಸರ್ಕಾರಿ ಪೆನ್ಷನ್ ಉಳೀತು. ನಮ್ಮಪ್ಪ ವಾಚ್ ಫ್ಯಾಕ್ಟರಿಯವ್ರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕ್ಯಾಬಿನೆಟ್ ಒಪ್ಪಿದಾಗ ವಿಆರ್‌ಎಸ್‌ನ 2007ರ ಪೇ ಸ್ಕೇಲ್ ಲೆಕ್ಕಕ್ಕೆ ಹಿಡಿದು ಕೊಡಿ ಅಂದ್ರು, ಅಂದ್ರೆ ಒಂಬತ್ತು ವರ್ಷ ಹಳೇ ಸ್ಕೇಲು, ಅದೂ ದೊಡ್ಡ ಉಪಕಾರ ಅನ್ನೋ ಥರ. ಆಮೇಲೆ ಬರೋದು ಇಪಿಎಸ್ (ಪಿಎಫ್ ಆಫೀಸಿನ) ಪೆನ್ಷನ್, ಅದಕ್ಕೆ ಡಿಎ ಇಲ್ಲ, ಕನಿಷ್ಠ ತಿಂಗ್ಳಿಗೆ 1,000 ಅಂತ 2014ರಲ್ಲಿ ಮಾಡಿದ್ದು. ಕೆಜಿಎಫ್ ಕಡೆ ಕೇಳಿ, 2001ರಲ್ಲಿ ಗಣಿ ಮುಚ್ಚಿದ್ದು, ಕ್ವಾರ್ಟರ್ಸ್ ವಿಷ್ಯ ಇನ್ನೂ ಎಳೀತಾ ಇತ್ತು ಎಷ್ಟೋ ವರ್ಷ. ಎಲ್ಲಾನೂ ಸೇರಿಸಿ "ಸರ್ಕಾರಿ ನೌಕರರಿಗೆ ಕೋಟಿ ಕೋಟಿ" ಅಂತ ನಿಮ್ ಭಾವ ಅಂದ್ರೆ ಇಷ್ಟು ಹೇಳಿ ಅವ್ರಿಗೆ.

ಲೀಡ್ಸ್_ಕನ್ನಡಿಗ:
ಇಂಗ್ಲೆಂಡಲ್ಲೂ ಇದೇ ರಾಮಾಯಣ. ಸಿವಿಲ್ ಸರ್ವೀಸಲ್ಲಿ ಕೆಲ್ಸ ಮಾಡಿದ ಒಂದ್ ವರ್ಷಕ್ಕೆ ಒಂದ್ ತಿಂಗ್ಳ ಸಂಬಳ, ತಾವಾಗೇ ಹೋಗೋರಿಗೆ 21 ತಿಂಗ್ಳು ಮ್ಯಾಕ್ಸಿಮಮ್ಮು, ಅವರೇ ಕಳಿಸಿದ್ರೆ 12. ಜಾಸ್ತಿ ಆಯ್ತು ಅಂತ ಪಬ್ಲಿಕ್ ಸೆಕ್ಟರಿಗೆಲ್ಲ 95,000 ಪೌಂಡ್ ಮಿತಿ 2020ರ ನವೆಂಬರಲ್ಲಿ ತಂದ್ರು, 2021ರ ಫೆಬ್ರವರಿಯಲ್ಲಿ ವಾಪಸ್ ತಗೊಂಡ್ರು, ಮೂರು ತಿಂಗ್ಳಿಗೇ! ದೊಡ್ಡ ಆಫೀಸರ್‌ಗಳಿಗೆ ಅಂತ ಮಾಡಿದ್ದು, ತುಂಬಾ ವರ್ಷ ಸರ್ವೀಸಾಗಿದ್ದ ಸಾಮಾನ್ಯ ನೌಕರರ ಪೆನ್ಷನ್ನಿಗೂ ಹೊಡೀತಿತ್ತು.

ತುಮ್ಕೂರ್_ಸೀನ:
ಎಲ್ರಿಗೂ ಥ್ಯಾಂಕ್ಸ್, ಭಾವನಿಗೆ ಲಿಂಕ್ ಕಳ್ಸಿದೀನಿ 😀 ಇನ್ನೊಂದು. ನಮ್ ರಾಜ್ಯ ಸರ್ಕಾರದಲ್ಲಿ ಹಿಂಗೆ ದುಡ್ಡು ಕೊಟ್ಟು ಕಳ್ಸೋದು ಯಾಕಿಲ್ಲ? ಮತ್ತೆ ಈ ದುಡ್ಡಿಗೆ ಟ್ಯಾಕ್ಸ್ ಹೆಂಗೆ?

ಲೆಕ್ಕದ_ಮೇಷ್ಟ್ರು:
ಕಳ್ಸೋ ಅಗತ್ಯನೇ ಇಲ್ವಲ್ರೀ, ರಿಟೈರಾದವರ ಜಾಗ ತುಂಬದೇ ಬಿಟ್ರೆ ಆಯ್ತು. ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಹುದ್ದೆ ಖಾಲಿ ಇವೆ, ಅಲ್ಲೆಲ್ಲ ಹೊರಗುತ್ತಿಗೆ. ಇರೋರಿಗೆ 2024ರ ಆಗಸ್ಟಿಂದ 7ನೇ ವೇತನ ಆಯೋಗದ 27.5% ಫಿಟ್‌ಮೆಂಟ್ (ಮೂಲ ವೇತನದ ಹೆಚ್ಚಳ) ಕೊಟ್ರು, ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಅಂತ ಅವತ್ತೇ ಲೆಕ್ಕ ಕೊಟ್ಟಿದ್ರು. ತಲೆ ಕಡಿಮೆ, ತಲೆಗೆ ಖರ್ಚು ಜಾಸ್ತಿ.

ಟ್ಯಾಕ್ಸು: ವಿಆರ್‌ಎಸ್ ದುಡ್ಡಲ್ಲಿ 5 ಲಕ್ಷದ ತನಕ ವಿನಾಯ್ತಿ, 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ 10(10ಸಿ) ಅಂತ, ಜೀವಮಾನದಲ್ಲಿ ಒಂದೇ ಸಲ. ಅದನ್ನ ತಗೊಂಡ್ರೆ ಸೆಕ್ಷನ್ 89ರ ರಿಲೀಫು (ಒಂದೇ ವರ್ಷ ದೊಡ್ಡ ಮೊತ್ತ ಬಂದಾಗ ಟ್ಯಾಕ್ಸ್ ಕಡಿಮೆ ಮಾಡೋದು) ಆ ದುಡ್ಡಿಗೆ ಸಿಗಲ್ಲ, ದೊಡ್ಡ ಮೊತ್ತ ಬಂದವ್ರು ಎರಡೂ ಲೆಕ್ಕ ಹಾಕಿಸ್ಕೊಂಡು ಆರಿಸ್ಕೋಬೇಕು. ಇದಕ್ಕೆ ಇರೋ ರೂಲ್ 2ಬಿಎ ಒಂದ್ಸಲ ಓದಿ, ವಿಆರ್‌ಎಸ್‌ನಿಂದ ಖಾಲಿಯಾದ ಹುದ್ದೆನ ಮತ್ತೆ ತುಂಬಬಾರ್ದು ಅಂತ ಷರತ್ತಿದೆ.

ಹುಬ್ಬಳ್ಳಿ_ಕಾಕಾ:
ಹುದ್ದೆ ತುಂಬಬಾರ್ದು ಅಂತ ಐತಿ, ಕೆಲಸಕ್ಕ ಗುತ್ತಿಗಿ ಕೊಡಬಾರ್ದು ಅಂತ ಎಲ್ಲೈತ್ರಿ ಮೇಷ್ಟ್ರ?