ಇಂಡೆಕ್ಸ್ ಆನ್ ಸೆನ್ಸಾರ್‌ಶಿಪ್ ಪತ್ರಿಕೆ ಓದಿದವರು ಯಾರಾದರೂ ಇದ್ದೀರಾ?

ಪ್ರಶ್ನೆ: ತುಂಗಾತೀರ

ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ತುರ್ತು ಪರಿಸ್ಥಿತಿಯ ಬಗ್ಗೆ ಸೆಮಿನಾರ್ ಇದೆ. ಇಂಡಿಯನ್ ಎಕ್ಸ್‌ಪ್ರೆಸ್ 1975ರ ಜೂನ್ 28ರಂದು ಸಂಪಾದಕೀಯದ ಜಾಗ ಖಾಲಿ ಬಿಟ್ಟಿದ್ದು ಎಲ್ಲರಿಗೂ ಗೊತ್ತು. ಅದರ ಬಗ್ಗೆ ಹುಡುಕುವಾಗ ಲಂಡನ್ನಿನ ಈ ಪತ್ರಿಕೆಯ ಹೆಸರು ಕಣ್ಣಿಗೆ ಬಿತ್ತು. ಸೆನ್ಸಾರ್ ವಿಷಯಕ್ಕೆ ಅಂತಲೇ ಒಂದು ಪತ್ರಿಕೆ ಅಂದರೆ ಅದರಲ್ಲಿ ಏನು ಹಾಕುತ್ತಾರೆ? ಪರಿಚಯದವರೊಬ್ಬರು "ಅದು ರಷ್ಯಾವನ್ನು ಬೈಯೋಕೆ ಮಾಡಿದ್ದು, ಬಿಡು" ಅಂದುಬಿಟ್ಟರು. ನಿಜಾನಾ?

ಉತ್ತರ: ಪರದೆಹಿಂದೆ

ಆ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಪತ್ರಿಕೆ ಕಟ್ಟಿದವರಲ್ಲಿ ಮುಖ್ಯರು ಕವಿ ಸ್ಟೀಫನ್ ಸ್ಪೆಂಡರ್. ಅವರು ಮೊದಲು ಇದ್ದ 'ಎನ್‌ಕೌಂಟರ್' ಪತ್ರಿಕೆಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಿಂದ ದುಡ್ಡು ಬರುತ್ತಿತ್ತು. ಅದು ಬಯಲಾದಾಗ, 1967ರಲ್ಲಿ, ರಾಜೀನಾಮೆ ಕೊಟ್ಟು ಹೊರಬಂದರು.

ಆದರೆ ಇಂಡೆಕ್ಸ್‌ನ ಬೀಜ ಬಿದ್ದದ್ದು ಮಾಸ್ಕೋದಲ್ಲಿ. 1968ರ ಜನವರಿಯಲ್ಲಿ ಅಲ್ಲಿ ಸರ್ಕಾರವನ್ನು ಒಪ್ಪದ ನಾಲ್ವರ ವಿಚಾರಣೆ ಕೋರ್ಟಿನಲ್ಲಿ ನಡೆಯಿತು. ಅದು ನ್ಯಾಯವಲ್ಲ ಎಂದು ಅಲ್ಲಿಯ ಭಿನ್ನಮತೀಯರಾದ ಪಾವೆಲ್ ಲಿಟ್ವಿನೋವ್ ಮತ್ತು ಲಾರಿಸಾ ಬೋಗೊರಾಜ್ ಜಗತ್ತಿಗೇ ಬಹಿರಂಗ ಪತ್ರ ಬರೆದರು. ಸ್ಪೆಂಡರ್ ಅದನ್ನು ಓದಿ, ಕವಿ ಆಡೆನ್, ಸಂಗೀತಗಾರ ಸ್ಟ್ರಾವಿನ್‌ಸ್ಕಿ ಅಂಥವರ ಹೆಸರು ಸೇರಿಸಿ ಬೆಂಬಲದ ತಂತಿ ಕಳಿಸಿದರು. ಲಿಟ್ವಿನೋವ್ ಉತ್ತರದಲ್ಲಿ ಒಂದು ಅಂತಾರಾಷ್ಟ್ರೀಯ ಸಮಿತಿ ಮಾಡಿ ಎಂದರು. ಜೊತೆಗೇ ಷರತ್ತು: ಅದು ಕಮ್ಯುನಿಸ್ಟ್ ವಿರೋಧಿ ಕೂಟ ಆಗಬಾರದು. ಕಮ್ಯುನಿಸ್ಟ್ ಪರ ಎಂಬ ಕಾರಣಕ್ಕೆ ತಮ್ಮ ದೇಶದಲ್ಲಿ ಕಿರುಕುಳ ಅನುಭವಿಸಿದವರೂ ಅದರಲ್ಲಿ ಇದ್ದರೆ ಒಳ್ಳೇದು. ಅದೇ ವರ್ಷ ಆಗಸ್ಟ್ 25ರಂದು ಚೆಕೊಸ್ಲೊವಾಕಿಯಾ ಮೇಲಿನ ಸೋವಿಯತ್ ದಾಳಿ ವಿರೋಧಿಸಿ ಲಿಟ್ವಿನೋವ್ ಮಾಸ್ಕೋದ ಕೆಂಪು ಚೌಕದಲ್ಲಿ ಕೂತರು. ಐದು ವರ್ಷ ಗಡೀಪಾರಾಯಿತು. ಇಂಥವರ ಮಾತನ್ನು ಬರೀ ಪ್ರಚಾರ ಅನ್ನೋಕೆ ನನಗಂತೂ ಆಗಲ್ಲ.

1972ರಲ್ಲಿ ಮೊದಲ ಸಂಚಿಕೆ ಬಂತು. ಸಂಪಾದಕರು ಮೈಕೆಲ್ ಸ್ಕ್ಯಾಮೆಲ್. ಅದರಲ್ಲಿ ಗ್ರೀಸಿನ ಸೇನಾ ಸರ್ಕಾರ ಜೈಲಿಗೆ ಹಾಕಿದ್ದ ಕಾನೂನು ಪ್ರಾಧ್ಯಾಪಕ ಮಂಗಾಕಿಸ್ ಯುರೋಪಿನವರಿಗೆ ಬರೆದ ಪತ್ರ ಇತ್ತು. ಗ್ರೀಸ್ ಆಗ ನೇಟೊ ಕಡೆಯ, ಅಂದರೆ ರಷ್ಯಾದ ಎದುರು ಬಣದ ದೇಶ, ನೆನಪಿರಲಿ.

ನಾನು ಹವ್ಯಾಸಿ ರಂಗಭೂಮಿಯವನು, ನಾಟಕಕಾರ ಬೆಕೆಟ್ ಮೂಲಕ ಇಲ್ಲಿಗೆ ಬಂದೆ. ಚೆಕ್ ನಾಟಕಕಾರ ಹಾವೆಲ್ ತಮ್ಮ ದೇಶದಲ್ಲಿ ಜೈಲಿನಲ್ಲಿದ್ದಾಗ, 1982ರಲ್ಲಿ, ಬೆಕೆಟ್ ಅವರಿಗಾಗಿ 'ಕೆಟಾಸ್ಟ್ರಫಿ' ಬರೆದರು. ಪುಟ್ಟ ನಾಟಕ. ಪೀಠದ ಮೇಲೆ ಒಬ್ಬ ತಲೆ ತಗ್ಗಿಸಿ ನಿಂತಿರುತ್ತಾನೆ. ನಿರ್ದೇಶಕ ಅವನ ಟೊಪ್ಪಿ ತೆಗೆಸುತ್ತಾನೆ, ಕೈ ಜೋಡಿಸಿ ಇಡಿಸುತ್ತಾನೆ, ಬೆಳಕು ಸರಿಮಾಡಿಸುತ್ತಾನೆ. ಪೀಠದ ಮೇಲೆ ನಿಂತವನಿಗೆ ಒಂದು ಮಾತೂ ಇಲ್ಲ. ಕೊನೆಗೆ ಚಪ್ಪಾಳೆ. ಅಷ್ಟರಲ್ಲಿ ಅವನು ತಲೆಯೆತ್ತಿ ಸಭೆಯನ್ನು ದಿಟ್ಟಿಸುತ್ತಾನೆ, ಚಪ್ಪಾಳೆ ತಡವರಿಸಿ ನಿಲ್ಲುತ್ತದೆ. (ಓದುವಾಗ ಸುಲಭ. ತಾಲೀಮಿನಲ್ಲಿ ಹಾಗೆ ನಿಂತು ನೋಡಿ, ಕುತ್ತಿಗೆ ಹಿಡಿದುಕೊಳ್ಳುತ್ತದೆ.) ಹಾವೆಲ್ 1983ರಲ್ಲಿ ಹೊರಬಂದು ಉತ್ತರವಾಗಿ ಇನ್ನೊಂದು ಪುಟ್ಟ ನಾಟಕ ಬರೆದರು. 1984ರಲ್ಲಿ ಇಂಡೆಕ್ಸ್ ಎರಡನ್ನೂ ಒಟ್ಟಿಗೆ ಅಚ್ಚು ಹಾಕಿತು. ನಿಮ್ಮ ಪ್ರಶ್ನೆಗೆ ಉತ್ತರ ಅದೇ. ಯಾರ ಬಾಯಿ ಮುಚ್ಚಿದರು ಅನ್ನೋ ವರದಿ ಮಾತ್ರ ಅಲ್ಲ, ಅವರು ಬರೆದದ್ದನ್ನೇ ಹಾಕುತ್ತಾರೆ.

ಉತ್ತರ: ಸುಮ್ನೆಓದುಗ

ಎಲ್ಲ ಸರಿ, ಆದ್ರೆ ಲಂಡನ್ನಿನಲ್ಲಿ ಕೂತು ಬೇರೆ ದೇಶಕ್ಕೆ ಬುದ್ಧಿ ಹೇಳೋದು ಸುಲಭ ಅಲ್ವಾ? ತಮ್ಮ ಮನೆ ಕಥೆ?

ಉತ್ತರ: ಪರದೆಹಿಂದೆ

ಕೇಳಬೇಕಾದ್ದೇ. ಇಂಗ್ಲೆಂಡಿನ ಮಾನನಷ್ಟ ಕಾನೂನು ದುಡ್ಡಿದ್ದವರ ಕೈಯಲ್ಲಿ ದೊಣ್ಣೆಯಾಗಿತ್ತು. ಕೈರೋಪ್ರಾಕ್ಟರುಗಳ (ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡುವವರ) ಸಂಘ ವಿಜ್ಞಾನ ಲೇಖಕ ಸೈಮನ್ ಸಿಂಗ್ ಮೇಲೆ ಕೇಸು ಹಾಕಿದ್ದು ಕೇಳಿರಬಹುದು. ಆ ಕಾನೂನು ಬದಲಿಸಿ ಎಂದು ಲೇಖಕರ ಸಂಸ್ಥೆ ಇಂಗ್ಲಿಷ್ ಪೆನ್ ಜೊತೆ ಸೇರಿ ಇಂಡೆಕ್ಸ್ ಹೋರಾಡಿತು. 2013ರಲ್ಲಿ ಹೊಸ ಕಾಯ್ದೆ ಬಂತು.

ಪ್ರಶ್ನೆ ಕೇಳಿದವರು: ತುಂಗಾತೀರ

ತುಂಬಾ ಥ್ಯಾಂಕ್ಸ್. ಸೆಮಿನಾರಿನ ಕೊನೆಗೆ ಬೆಕೆಟ್ ನಾಟಕವನ್ನೇ ಆಡಿದರೆ ಹೇಗೆ ಅಂತ ಗೆಳೆಯರು ಕೇಳುತ್ತಿದ್ದಾರೆ.

ಉತ್ತರ: ಪರದೆಹಿಂದೆ

ಆಡಿ. ಆದರೆ ಅನುಮತಿ ಮೊದಲೇ ಕೇಳಿ. ಬೆಕೆಟ್ ವಾರಸುದಾರರ ಕಡೆಯವರು ರಂಗಸೂಚನೆ ಬದಲಿಸಿದರೂ ತಕರಾರು ತೆಗೆಯುತ್ತಾರೆ. ಸೆನ್ಸಾರ್ ಬಗ್ಗೆ ಸೆಮಿನಾರ್ ಅಂತ ಹೇಳಿದರೂ ಅಷ್ಟೇ!