ಅಪ್‌ಡೇಟ್: ಅರ್ಧ ಥ್ರಾಟಲ್ ದಾಟಿದರೆ ಮುಗ್ಗರಿಸುತ್ತಿದ್ದ ಬೈಕ್

ಐಡ್ಲಿಂಗ್ ಸರಿಯಿದ್ದರೂ ಅರ್ಧ ಥ್ರಾಟಲ್ ದಾಟಿದೊಡನೆ ಎಳೆತ ಕಳೆದುಕೊಳ್ಳುತ್ತಿದ್ದ ನನ್ನ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಕಾರ್ಬ್ಯುರೇಟರ್, ಅಂದರೆ ಗಾಳಿ-ಪೆಟ್ರೋಲ್ ಬೆರೆಸುವ ಭಾಗ, ಇರುವ ಬೈಕಿನ ಬಗ್ಗೆ ಹಿಂದೆ ಕೇಳಿದ್ದೆ. ಪೈಲಟ್ ಜೆಟ್ (ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಬಿಡುವ ಕಿರುನಳಿಕೆ) ಸ್ವಚ್ಛಗೊಳಿಸಿದ್ದರಿಂದಾಗಲಿ, ಹೊಸ ಸ್ಪಾರ್ಕ್ ಪ್ಲಗ್ ಹಾಕಿದ್ದರಿಂದಾಗಲಿ ವ್ಯತ್ಯಾಸವಾಗಲಿಲ್ಲ. ಕಾರ್ಬ್ಯುರೇಟರಿನೊಳಗಿನ ಡಯಾಫ್ರಾಮನ್ನು (ತೆಳು ರಬ್ಬರ್ ಪೊರೆ) ಬೆಳಕಿಗೆ ಹಿಡಿದು ನೋಡಿ ಎಂದವರ ಸಲಹೆಯೇ ಫಲಿಸಿತು. ಆ ರಬ್ಬರಿನ ಮಡಿಕೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಈ ವಿನ್ಯಾಸದಲ್ಲಿ ಕೇಬಲ್ ತೆರೆಯುವುದು ಬಟರ್‌ಫ್ಲೈ ಕವಾಟವನ್ನು ಮಾತ್ರ. ವೆಂಚುರಿಯ (ಗಾಳಿ ಹಾಯುವ ಕಿರಿದಾದ ದಾರಿ) ಕಡಿಮೆ ಒತ್ತಡವು ಸ್ಲೈಡಿನ (ಆ ದಾರಿಗೆ ಅಡ್ಡವಾಗಿ ಏರಿಳಿಯುವ, ಡಯಾಫ್ರಾಮಿಗೆ ಅಂಟಿದ ಭಾಗ) ತಳದ ಕಿರುರಂಧ್ರದ ಮೂಲಕ ಡಯಾಫ್ರಾಮಿನ ಮೇಲಿನ ಕೋಣೆಯನ್ನು ತಲುಪಿದರಷ್ಟೇ ಸ್ಲೈಡ್ ಮೇಲೇರಿ, ಗಾಳಿಯ ದಾರಿ ಅಗಲವಾಗಿ, ಜೊತೆಗೆ ಸ್ಲೈಡಿಗೆ ಜೋಡಿಸಿದ ಸೂಜಿಯೂ ಎದ್ದು ಪೆಟ್ರೋಲ್ ಹೆಚ್ಚುತ್ತದೆ. ತೂತಿದ್ದರೆ ಆ ನಿರ್ವಾತ ನಿಲ್ಲುವುದಿಲ್ಲ, ಸ್ಲೈಡೂ ಪೂರ್ತಿ ಏರುವುದಿಲ್ಲ. ಡಯಾಫ್ರಾಮ್ ಬಿಡಿಯಾಗಿ ಸಿಗದೆ ಸ್ಲೈಡಿನೊಂದಿಗೇ ಕೊಳ್ಳಬೇಕಾಯಿತು (ಬೆಲೆಯ ಮಾತು ಬೇಡ). ಅಚ್ಚರಿಯೆನಿಸಿದ್ದು, ಕಾರ್ಬ್ ಕ್ಲೀನರ್ ಸ್ಪ್ರೇ ತಗುಲಿದರೆ ಆ ರಬ್ಬರ್ ಉಬ್ಬಿ ಹಾಳಾಗಬಹುದು ಎಂಬುದು. ಆದ್ದರಿಂದ ಸ್ಪ್ರೇ ಹೊಡೆಯುವ ಮುನ್ನ ಸ್ಲೈಡನ್ನು ಹೊರತೆಗೆದಿಡಿ.